ಬೆರಳು ಬೆಳ್ಳಗಾದ ಭಜನೆ

ಶಿಗ್ಲಿಯ ಬಸವಣ್ಣನ ಗುಡಿಯಲ್ಲಿ ಕಾರ್ತಿಕದಿಂದ ಸಂಕ್ರಮಣದವರೆಗೆ ನಸುಕಿನ ಭಜನೆ ನಡೆಯುತ್ತದೆ. ಅಲ್ಲಿ ಇಪ್ಪತ್ತೆರಡು ವರ್ಷದಿಂದ ಹಾರ್ಮೋನಿಯಂ ಪೇಟಿ ಬಾರಿಸುತ್ತ ಬಂದವನು ಕಳಕಪ್ಪ. ಈ ವರ್ಷ ಕಾರ್ತಿಕದ ಎರಡನೆಯ ವಾರ, ಹಾಡಿನ ನಡುವೆ ಅವನ ಬಲಗೈಯ ಎರಡು ಬೆರಳು ಸುಣ್ಣ ಬಳಿದಂತೆ ಬೆಳ್ಳಗಾಗಿ, ಪೇಟಿಯ ಯಾವ ಪಟ್ಟಿಯ ಮೇಲಿವೆ ಎಂಬುದೇ ತಿಳಿಯದಾಯಿತು. ತಪ್ಪು ಸ್ವರ ಒತ್ತುವುದಕ್ಕಿಂತ ಸುಮ್ಮನಿರುವುದು ಲೇಸೆಂದು ಕೈ ಎತ್ತಿದ. ಬೆರಳಿಗೆ ಜೀವ ಬಂದ ಮೇಲೆ ಮತ್ತೆ ಹಿಡಿದ.

ಹಾಡುತ್ತಿದ್ದ ಹಿರಿಯ ಪುಂಡಲೀಕಪ್ಪ ಕಣ್ಣೊರೆಸಿಕೊಂಡರು.

"ಇಷ್ಟ ವರ್ಷ ಈ ಭಕ್ತಿ ಎಲ್ಲಿ ಮುಚ್ಚಿಟ್ಟಿದ್ದೆಪಾ ಕಳಕಪ್ಪ? ನೀ ಪೇಟಿ ನಿಲ್ಲಿಸಿದ್ದಕ್ಕ ನನ್ನ ಎದಿ ಝಲ್ ಅಂತು."

ಕಳಕಪ್ಪ ಕೈಗಳನ್ನು ಬಗಲಲ್ಲಿ ಇಟ್ಟುಕೊಂಡು ತಲೆಯಾಡಿಸಿದ. ಇಪ್ಪತ್ತೆರಡು ವರ್ಷ ಒಂದೂ ಸ್ವರ ತಪ್ಪಿಸಿರಲಿಲ್ಲ. ಯಾರೂ ಒಂದು ಮಾತು ಆಡಿರಲಿಲ್ಲ.

ಚಳಿ ಏರಿದಂತೆ ಭಕ್ತಿಯೂ ಏರಿತು. ಮಾರ್ಗಶಿರದ ಹೊತ್ತಿಗೆ ಒಂದು ಹಾಡಿಗೆ ನಾಲ್ಕು ಸಲ ನಿಲ್ಲುತ್ತಿದ್ದ. ಸಂಕ್ರಮಣಕ್ಕೆ ಮೇಳ ಶಿರಹಟ್ಟಿ ಮಠಕ್ಕೆ ಹಾಡಲು ಹೋಗುವುದಿತ್ತು. ಕೀಬೋರ್ಡ್ ಬಾರಿಸುವ ಕೊಟ್ರೇಶನನ್ನು ಒಯ್ಯುವುದೆಂದು ಮೊದಲು ಮಾತಾಗಿತ್ತು. ಈಗ ಪುಂಡಲೀಕಪ್ಪ, ಕಳಕಪ್ಪನೇ ಬರಬೇಕೆಂದರು. ಊರ ಹೊರಗೆ ಬಾರಿಸಲು ಅವನನ್ನು ಯಾರಾದರೂ ಕರೆದದ್ದು ಅದೇ ಮೊದಲು.

ಹೆಂಡತಿ ಸುಮಿತ್ರವ್ವ ಮಾತ್ರ ಬೆರಳು ನೋಡಿ ಗದಗಿಗೆ ಕರೆದೊಯ್ದಳು. ಚಳಿಗೆ ಬೆರಳಿನ ಸಣ್ಣ ರಕ್ತನಾಳಗಳು ಮುದುಡಿಕೊಳ್ಳುತ್ತವೆ, ದೊಡ್ಡ ರೋಗವೇನಲ್ಲ ಎಂದು ಡಾಕ್ಟರು ಗುಳಿಗೆ ಬರೆದರು. ತಣ್ಣೀರು ಮುಟ್ಟಬಾರದು, ಉಣ್ಣೆಯ ಗ್ಲೌಸ್ ಹಾಕಬೇಕು ಎಂದರು.

ವಾರದಲ್ಲಿ ಬೆರಳು ನೆಟ್ಟಗಾದವು. ಕಳಕಪ್ಪ ಮೊದಲಿನಂತೆ ಒಂದೂ ಸ್ವರ ಬಿಡದೆ ಬಾರಿಸಿದ.

"ಯಾಕೋ ಬರೇ ಪೇಟಿ ಕೇಳಸಾಕತ್ತೈತಿ," ಎಂದರು ಪುಂಡಲೀಕಪ್ಪ. "ಮನ್ಯಾಗ ಜಗಳಾಡಿಯೇನು?"

"ಇಲ್ರಿ ಅಣ್ಣಾರ."

"ಆಡಿದ್ರ ಮುಗಿಸ್ಕೋ. ಇಲ್ಲಾಂದ್ರ ಕೊಟ್ರೇಶಗ ಹೇಳಬೇಕಾಕ್ಕೈತಿ."

ಮರುದಿನ ನಸುಕಿಗೆ ಕಳಕಪ್ಪ ಹಿತ್ತಲಲ್ಲಿ ಎಮ್ಮೆ ನೀರು ಕುಡಿಯುವ ಕಲ್ಲುದೋಣಿಯೊಳಗೆ ಎರಡೂ ಕೈ ಮುಳುಗಿಸಿ ಕುಳಿತ. ಸುಮಿತ್ರವ್ವ ಹೊರಗೆ ಬಂದಳು.

"ಏನ ಮಾಡಾಕತ್ತೀರಿ?"

"ಭಕ್ತಿ."

"ಹಂಗಾರ ಆ ಗ್ಲೌಸ್ ಎಮ್ಮಿ ಕೋಡಿಗೆ ಹಾಕತೇನಿ."

ಅವನು ಕೈ ತೆಗೆದು ನೋಡಿದ. ತುಸು ಕೆಂಪಾಗಿದ್ದವು, ಅಷ್ಟೇ. ಹತ್ತೂ ಬೆರಳು ಹೇಳಿದಂತೆ ಕೇಳುತ್ತಿದ್ದವು. ಗುಳಿಗೆ ಚೆನ್ನಾಗಿತ್ತು.

ಗುಡಿಯಲ್ಲಿ ಹಾಡಿನ ಎರಡನೆಯ ನುಡಿ ಬಂತು. ಮುಂದಿನ ಸ್ವರ ಎಲ್ಲಿದೆಯೆಂದು ಬೆರಳಿಗೆ ಗೊತ್ತಿತ್ತು. ಕಳಕಪ್ಪ ಕೈ ಎತ್ತಿದ. ಗೊತ್ತಿದ್ದೂ ಸುಮ್ಮನಿರುವುದು ಇಷ್ಟು ಕಷ್ಟವೆಂದು ಅವನಿಗೆ ತಿಳಿದಿರಲಿಲ್ಲ. ದೀಪದ ಬತ್ತಿ ಚಟಪಟ ಅನ್ನುವುದು ಕೇಳಿಸಿತು. ಪುಂಡಲೀಕಪ್ಪ ಉಸಿರು ಎಳೆದುಕೊಳ್ಳುವುದು ಕೇಳಿಸಿತು. ಇಪ್ಪತ್ತೆರಡು ವರ್ಷ ಪಕ್ಕದಲ್ಲೇ ಕೂತರೂ ಆ ಉಸಿರು ಅವನ ಕಿವಿಗೆ ಬಿದ್ದಿರಲಿಲ್ಲ. ಅದು ಹಾಡಾಗುವ ಹೊತ್ತಿಗೆ ಸರಿಯಾಗಿ ಬೆರಳು ಇಳಿಸಿದ.

ಭಜನೆ ಮುಗಿದ ಮೇಲೆ ಪುಂಡಲೀಕಪ್ಪ ತಾಳಗಳನ್ನು ಅರಿವೆಯಲ್ಲಿ ಸುತ್ತುತ್ತ, ಅವನ ಕಡೆ ನೋಡದೆ ಹೇಳಿದರು:

"ಸಂಕ್ರಮಣದ ದಿನ ಶಿರಹಟ್ಟಿ ಬಸ್ ಮುಂಜಾನೆ ಐದೂವರಿಗೆ ಐತಿ. ಪೇಟಿ ಕಟ್ಟಾಕ ಗಟ್ಟಿ ಹಗ್ಗ ತಾ."

"ಆತ್ರಿ," ಎಂದ ಕಳಕಪ್ಪ. ಸುಮಿತ್ರವ್ವ ಕಿಸೆಯಲ್ಲಿ ತುರುಕಿದ್ದ ಗ್ಲೌಸ್ ತೆಗೆದು ಹಾಕಿಕೊಂಡ.