ಈ ಚುನಾವಣೆ ಒಂದು ಮುಗಿಯಲಿ

ಕ್ರೇನ್ ಮಾಮ ನಮ್ಮ ಚಿಕ್ಕಮ್ಮನನ್ನು ಮದುವೆಯಾಗೆಂದು ಕೇಳಿದ್ದು ನನಗೆ ತಿಳಿದಂತೆ ಐದು ಸಲ. ಐದು ಸಲವೂ ಅವಳದು ಒಂದೇ ಉತ್ತರ.

"ಈ ಚುನಾವಣೆ ಒಂದು ಮುಗೀಲಿ ಈನಸ್, ಆಮೇಲೆ ನೋಡೋಣ."

ನೆಪವಲ್ಲ ಅದು. ನಮ್ಮ ನ್ಯೂಜೆರ್ಸಿಯಲ್ಲಿ ಆಗ ಸ್ವಂತ ಆಸ್ತಿಯಿದ್ದ ವಿಧವೆಯರು ಮತ ಹಾಕುತ್ತಿದ್ದರು. ಚಿಕ್ಕಪ್ಪ ಸಾಯುವಾಗ ಸೇಬಿನ ತೋಟವನ್ನೂ ಆರು ಹಸುಗಳನ್ನೂ ಚಿಕ್ಕಮ್ಮನ ಹೆಸರಿಗೆ ಬರೆದಿಟ್ಟಿದ್ದ. ಆ ಬಲದಿಂದ ಅವಳು ವರ್ಷವರ್ಷವೂ ಗಂಡಸರ ಸಾಲಿನಲ್ಲಿ ನಿಂತು ಮತ ಹಾಕಿ ಬರುವಳು. ಮತ್ತೆ ಮದುವೆಯಾದಳೋ, ಪಾದ್ರಿ ಮಂತ್ರ ಮುಗಿಸುವಷ್ಟರಲ್ಲಿ ತೋಟ ಗಂಡನದು, ಹಸು ಗಂಡನದು, ಮತವಂತೂ ಇಲ್ಲವೇ ಇಲ್ಲ.

ಹಾಗೆಂದು ಕ್ರೇನ್ ಮಾಮ ಕೆಟ್ಟವರಲ್ಲ. ಪಕ್ಕದಲ್ಲೇ ಅವರ ಸೇಬಿನ ರಸ ತೆಗೆಯುವ ಗಾಣ; ಹೆಂಡತಿ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಶನಿವಾರ ಅವರು ಬರುವ ಹೊತ್ತಿಗೆ ಚಿಕ್ಕಮ್ಮ ಒಗೆದ ಟೋಪಿ ಹಾಕಿಕೊಂಡು, ಪೈ ಬೇಯಿಸಿ ಇಟ್ಟಿರುತ್ತಿದ್ದಳು. ಅವಳಿಗೂ ಮನಸ್ಸಿತ್ತು. ಅದೇ ಮನೆಯಲ್ಲಿ ಬೆಳೆದ ಅಕ್ಕನ ಮಗಳು ನಾನು, ಆಗ ಹದಿನೇಳು. ನನ್ನ ಕಣ್ಣಿಗೆ ಮಣ್ಣೆರಚುವುದು ಸುಲಭವಿರಲಿಲ್ಲ.

೧೮೦೭ರ ಫೆಬ್ರವರಿಯಲ್ಲಿ ಜಿಲ್ಲೆಯ ಕೋರ್ಟು ನಮ್ಮೂರಿಗೋ ಪಕ್ಕದ ಊರಿಗೋ ಎಂದು ಮತ ಹಾಕಿಸಿದರು. ಅಷ್ಟಕ್ಕೇ ಜನರಿಗೆ ಹುಚ್ಚು ಹಿಡಿಯಿತು. ಬೆಳಗ್ಗೆ ಮತ ಹಾಕಿದ್ದ ಕ್ರೇನ್ ಮಾಮ ಮಧ್ಯಾಹ್ನ ನಮ್ಮ ಅಡಿಗೆಮನೆಗೆ ನುಗ್ಗಿದರು.

"ಕೆಜಾಯಾ, ನಿನ್ನ ಹಳೇ ಲಂಗ ಒಂದು ಕೊಡು. ಮುಖ ಮುಚ್ಚೋ ಟೋಪಿನೂ."

"ಯಾಕೆ, ಹೆಣ್ಣು ಸಿಗ್ಲಿಲ್ಲ ಅಂತ ನೀನೇ ಹೆಣ್ಣಾಗೋಕೆ ಹೊರಟ್ಯಾ?" ಎಂದಳು ಚಿಕ್ಕಮ್ಮ.

"ಪಕ್ಕದೂರಿನ ಗಂಡಸ್ರು ಲಂಗ ಹಾಕ್ಕೊಂಡು ಮೂರು ಮೂರು ಸಲ ಮತ ಹಾಕ್ತಿದಾರೆ. ನಾವು ಸುಮ್ನೆ ಕೂತ್ರೆ ಆಗತ್ತಾ?"

ಚಿಕ್ಕಮ್ಮ ಬೇಡವೆನ್ನಬೇಕಿತ್ತು. ಅನ್ನಲಿಲ್ಲ. ಟೋಪಿಯ ದಾರ ಕಟ್ಟಿದವಳು ನಾನೇ. ಗಡ್ಡದ ಮೇಲೆ ಹಿಟ್ಟು ಬಳಿದುಕೊಂಡು ಹಿಮದಲ್ಲಿ ಲಂಗ ಎತ್ತಿ ನಡೆದ ಆ ಗಂಡಸನ್ನು ನೋಡಿ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಎಣಿಸಿದರೆ ಜಿಲ್ಲೆಯ ಮತದಾರರಿಗಿಂತ ಮತಗಳೇ ಹೆಚ್ಚು. ಶಾಸನ ಸಭೆಯವರು ಚುನಾವಣೆಯನ್ನೇ ರದ್ದು ಮಾಡಿದರು. ನವೆಂಬರಿನಲ್ಲಿ ಹೊಸ ಕಾನೂನು ಬಂತು: ಇನ್ನು ಮುಂದೆ ಬಿಳಿಯ ಗಂಡಸರಿಗೆ ಮಾತ್ರ ಮತ. ಮೋಸ ತಡೆಯಲು ಇದೇ ದಾರಿಯಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ. ಈಗಲೂ ನೆನೆದರೆ ನನ್ನ ಮೈ ಉರಿಯುತ್ತದೆ.

ಆ ಶನಿವಾರ ಕ್ರೇನ್ ಮಾಮ ಬಂದರು. ಭಾನುವಾರ ಚರ್ಚಿಗೆ ಹಾಕುವ ಕೋಟು ಹಾಕಿದ್ದರು, ಕೈಯಲ್ಲಿ ಪತ್ರಿಕೆ. ಮುಖ ಅರಳಿತ್ತು.

"ಓದಿದ್ಯಾ ಕೆಜಾಯಾ? ಇನ್ನು ಕಾಯೋಕೆ ಚುನಾವಣೆನೇ ಇಲ್ಲ. ನಮಗೇನು ಅಡ್ಡಿ ಉಳೀತು ಹೇಳು?"

ಚಿಕ್ಕಮ್ಮ ಸೇಬು ಸುಲಿಯುತ್ತಿದ್ದಳು. ಚಾಕು ಕೆಳಗಿಟ್ಟಳು.

"ನಿನ್ನ ಮತ ಹೋಯ್ತಾ ಈನಸ್?"

"ನಂದ್ಯಾಕೆ ಹೋಗತ್ತೆ?"

"ಎರಡು ಸಲ ಹಾಕಿದೋನು ನೀನು. ನಾನು ಹಾಕಿದ್ದು ಒಂದೇ."

"ಅದು ತಮಾಷೆಗೆ ಮಾಡಿದ್ದಲ್ವೇನೇ. ನೀನೂ ನಕ್ಕಿದ್ದೆ."

"ನಕ್ಕೆ. ನನ್ನ ತಪ್ಪೂ ಇದೆ, ಅದಕ್ಕೆ ನಿನ್ನ ಬಯ್ಯಲ್ಲ. ಆದ್ರೆ ನಂದು ಹೋಯ್ತು ಅಂತ ಪತ್ರಿಕೇಲಿ ಓದಿ, ನೀನು ಹಬ್ಬಕ್ಕೆ ಬಂದ ಹಾಗೆ ಕೋಟು ಹಾಕ್ಕೊಂಡು ಬಂದ್ಯಲ್ಲ."

ಮಾಮನ ಮುಖ ಇಳಿದುಹೋಯಿತು. ಸುಳ್ಳು ಹೇಳುವ ಮನುಷ್ಯರಲ್ಲ ಅವರು.

"ನಿನಗೆ ಬೇಜಾರಾಗತ್ತೆ ಅಂತ ನನಗೆ ಹೊಳೀಲೇ ಇಲ್ಲ ಕೆಜಾಯಾ."

"ಗೊತ್ತು," ಎಂದಳು ಚಿಕ್ಕಮ್ಮ. "ಅದಕ್ಕೇ ಬೇಡ ಅಂತಿರೋದು."

ಅವರು ಹೋದ ಮೇಲೆ ಅವಳು ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮತ ಹೋಯಿತೆಂದು ಅತ್ತಳೋ, ಮನುಷ್ಯ ಹೋದನೆಂದೋ ಎಂದು ಎಷ್ಟೋ ವರ್ಷಗಳ ಮೇಲೆ ನನ್ನ ಗಂಡ ಒಮ್ಮೆ ನಗುತ್ತಾ ಕೇಳಿದ್ದ. ಎರಡಕ್ಕೂ ಎಂದೆ. ಅವನಿಗೆ ಅರ್ಥವಾಗಲಿಲ್ಲ.