ಓರ್ಸೋಲಳ ಕರಿ ಕುಚ್ಚು

ವೆನಿಸ್ಸಿನ ಹೆಣ್ಣಿನ ಚೆಲುವಿನ ಬಗ್ಗೆ ಹೇಳಲು ನಾನೆಷ್ಟರವನು? ತಪ್ಪಿದ್ದರೆ ಕ್ಷಮಿಸಬೇಕು.

ಓರ್ಸೋಲಳದು ಕಾಡಿಗೆಯಂಥ ಕಪ್ಪು ಕೂದಲು. ಆದರೆ ಪಾದುವಾ ಊರಿನ ವರನಿಗೆ ಕಳಿಸಿದ ಚಿತ್ರದಲ್ಲಿ ಚಿತ್ರಗಾರ, ಕವಿಗಳು ಹೊಗಳುವ ಹಾಗೆ, ಹೊಂಬಣ್ಣದ ಕೂದಲು ಬರೆದುಬಿಟ್ಟಿದ್ದ. ಮದುವೆಗೆ ಮುಂಚೆ ವರ ಅವಳ ಕೂದಲಿನದೊಂದು ಕುಚ್ಚು ಕೇಳಿ ಕಳಿಸಿದ. ಅಂದಿನಿಂದ ಅವಳು ತಲೆಗೆ ಹೊಂಬಣ್ಣ ಬರಿಸುವ ಮದ್ದು ಬಳಿದುಕೊಂಡು, ಕೂದಲು ಹೊರಗೆ ಹರಡುವಂತೆ ನೆತ್ತಿಯಿಲ್ಲದ ಟೋಪಿ ಹಾಕಿಕೊಂಡು ಮಾಳಿಗೆಯ ಬಿಸಿಲಲ್ಲಿ ಕೂತಳು. ಬಣ್ಣ ತಿರುಗಲಿಲ್ಲ.

"ಇನ್ನೂ ಕಾಗೆನೇ ಕಣೇ ನೀನು! ಕರೀದು ಕಂಡ್ರೆ ಸಂಬಂಧ ಮುರ್ದೋಗತ್ತೆ. ಪಕ್ಕದ್ಮನೆ ಝನೆಟ್ಟಾದು ಹೊಂಬಣ್ಣದ ಕೂದ್ಲು, ಅವಳ್ದೇ ಒಂದು ಕುಚ್ಚು ಕತ್ತರಿಸ್ಕೊಂಡು ಬರ್ತೀನಿ," ಎಂದಳು ಸೋದರತ್ತೆ.

"ಹಂಗಾದ್ರೆ ಅವನು ಝನೆಟ್ಟಾನ್ನೇ ಕಟ್ಕೊಳ್ಳಲಿ ಬಿಡತ್ತೆ."

ಓರ್ಸೋಲ ತನ್ನದೇ ಕುಚ್ಚನ್ನು ಕತ್ತರಿಸಿ, ರೇಷ್ಮೆಯಲ್ಲಿ ಸುತ್ತಿ ಕಳಿಸಿದಳು. ಭಾನುವಾರ ವರನ ದೋಣಿ ಬಂತು, ಮದುವೆಯೂ ಆಯಿತು. ಅವನು ರೇಷ್ಮೆ ಬಿಚ್ಚಿ ನೋಡಿ ಬಂದಿದ್ದನೋ, ನೋಡದೆಯೇ ಬಂದಿದ್ದನೋ, ಓರ್ಸೋಲ ಕೇಳಲಿಲ್ಲ. ನನಗೂ ಗೊತ್ತಿಲ್ಲ.