ಮೆಹರುಬಿಯ ಓವರ್‌ಲಾಕ್ ಮಷೀನು

ಮೆಹರುಬಿ ತೀರಿಕೊಂಡದ್ದು ತೊಂಬತ್ತೊಂದರ ಚಳಿಗಾಲದಲ್ಲಿ. ಕಾಮಾಲೆ ಎಂದು ಗೊತ್ತಾಗುವಷ್ಟರಲ್ಲಿ ಕೈಮೀರಿತ್ತು. ನಲವತ್ತನೆಯ ದಿನದ ಫಾತೇಹಾ ಮುಗಿಸಿ, ಬಂದ ನೆಂಟರನ್ನೆಲ್ಲ ಬಸ್ಸು ಹತ್ತಿಸಿ, ಅವಳ ಗಂಡ ಇಸಾಕ ನಿಪ್ಪಾಣಿಯ ತನ್ನ ಅಂಗಡಿಯ ಬಾಗಿಲು ತೆರೆದ.

ತಂಬಾಕಿನ ವಖಾರಿಗಳಿದ್ದ ಓಣಿಯ ತುದಿಯಲ್ಲಿ ಅದೊಂದು ಲೇಡೀಸ್ ಟೇಲರ್ ಅಂಗಡಿ. ಮುಂಭಾಗದಲ್ಲಿ ಇಸಾಕನ ಹೊಲಿಗೆ ಮಷೀನು, ಹಿಂದೆ ಪರದೆಯ ಆಚೆ ಮೆಹರುಬಿಯ ಓವರ್‌ಲಾಕ್. ಬಟ್ಟೆಯ ಅಂಚು ಎಳೆ ಬಿಚ್ಚಿಕೊಳ್ಳದಂತೆ, ಅಂಚನ್ನು ಕತ್ತರಿಸುತ್ತಲೇ ಮೂರು ದಾರಗಳಿಂದ ಹೆಣೆದುಬಿಡುವ ಮಷೀನು. ಇಚಲಕರಂಜಿಯಲ್ಲಿ ಬನಿಯನ್ ಕಾರ್ಖಾನೆಯೊಂದು ಮುಚ್ಚಿದಾಗ ತಂದದ್ದು. ಅಲ್ಲಿಯತನಕ ಬೀಡಿ ಕಟ್ಟುತ್ತಿದ್ದ ಮೆಹರುಬಿ ಆ ಊರಲ್ಲೇ ಕೆಲ ದಿನ ನಿಂತು ಅದನ್ನು ನಡೆಸುವುದನ್ನು ಕಲಿತು ಬಂದಿದ್ದಳು. ಇಸಾಕ ಕತ್ತರಿಸಿದ ತುಂಡುಗಳನ್ನು ಪರದೆಯ ಸಂದಿಯಿಂದ ಆಚೆ ಸರಿಸುತ್ತಿದ್ದ. ಅಂಚು ಹೊಡೆಸಿಕೊಂಡು ಅವು ಅದೇ ಸಂದಿಯಿಂದ ಈಚೆ ಬರುತ್ತಿದ್ದವು. ಎರಡೂ ಮಷೀನು ಓಡುವಾಗ ಮಾತು ಕೇಳುತ್ತಿರಲಿಲ್ಲ. ನಿಂತಾಗಲೂ ಅವರ ನಡುವೆ ಊಟ, ನೀರು, ದಾರದ ಬಣ್ಣ ಬಿಟ್ಟು ಹೆಚ್ಚಿನ ಮಾತಿರಲಿಲ್ಲ. ಮೆಹರುಬಿ ಮಾತು ಕಡಿಮೆಯ ಹೆಂಗಸು ಎಂದೇ ಇಸಾಕ ತಿಳಿದಿದ್ದ. ಮಕ್ಕಳಾಗಿರಲಿಲ್ಲ.

ಅವಳು ಹೋದಮೇಲೆ ಅವನು ಪರದೆ ಸರಿಸಲಿಲ್ಲ. ಅಂಚು ಹೊಡೆಯುವ ಕೆಲಸವನ್ನು ಮಾರ್ಕೆಟ್ಟಿನ ಇನ್ನೊಂದು ಅಂಗಡಿಗೆ ಕೊಟ್ಟು ತರುತ್ತಿದ್ದ. ಮೇ ತಿಂಗಳು ಬಂತು. ಹೆಣ್ಣುಮಕ್ಕಳ ಶಾಲೆಯೊಂದರ ಸಮವಸ್ತ್ರ ಪ್ರತಿವರ್ಷ ಅವನೇ ಹೊಲಿಯುತ್ತಿದ್ದ, ಆ ಕೆಲಸ ಈ ವರ್ಷವೂ ಬಂತು. ಕಡುನೀಲಿ ಟೆರಿಕಾಟ್ ಲಂಗಗಳು. ಅಂಚು ಕಟ್ಟದಿದ್ದರೆ ನಾಲ್ಕು ಸಲ ಒಗೆಯುವುದರಲ್ಲಿ ಎಳೆ ಎಳೆಯಾಗಿ ಬಿಚ್ಚಿಕೊಳ್ಳುವ ಬಟ್ಟೆ. ಮಾರ್ಕೆಟ್ಟಿನವನು ಕೈ ಎತ್ತಿದ. "ಇಸಾಕಭಾಯಿ, ನನ್ನ ಕೆಲಸಾನ ನನಗ ಮುಗೀವಲ್ದು. ಈ ತಿಂಗಳ ನನ್ನ ಬಿಟ್ಟಬಿಡ್ರಿ."

ಮರುದಿನ ಬೆಳಿಗ್ಗೆ ಇಸಾಕ ಪರದೆ ಸರಿಸಿದ. ಮಷೀನಿನ ಮೇಲೆ ಧೂಳು ಕೂತಿತ್ತು. ದಾರ ಸುತ್ತಿದ ಮೂರು ಕೋನುಗಳೂ ಬಿಳಿ. ಅವಳು ಕೊನೆಗೆ ಹೊಡೆದದ್ದು ಯಾರದೋ ಬಿಳಿ ಲಂಗವಿರಬೇಕು. ಅವನು ನೀಲಿ ದಾರದ ಕೋನುಗಳನ್ನಿಟ್ಟ. ಬಿಳಿ ದಾರವನ್ನೆಲ್ಲ ಕಿತ್ತುಹಾಕಿ, ಹೊಲಿಗೆ ಮಷೀನಿಗೆ ಪೋಣಿಸುವಂತೆ ಮೊದಲು ಸೂಜಿಗೆ ಪೋಣಿಸಿದ. ಆಮೇಲೆ ಮಷೀನಿನ ಹೊಟ್ಟೆಯ ಬಾಗಿಲು ತೆಗೆದು ನೋಡಿದರೆ ಒಳಗೆ ಕೊಕ್ಕಿನಂಥ ಎರಡು ಕಡ್ಡಿಗಳು, ಅವಕ್ಕೆ ಹತ್ತಾರು ಸಣ್ಣ ಕಿಂಡಿಗಳು. ತೋಚಿದ ಹಾಗೆ ದಾರ ತೂರಿಸಿ ಮೋಟಾರು ಹಾಕಿದ. ಕ್ಷಣದಲ್ಲಿ ದಾರ ಹರಿಯಿತು. ಮತ್ತೆ ಪೋಣಿಸಿದ, ಮತ್ತೆ ಹರಿಯಿತು. ಮೂರನೆಯ ಸಲ ಬಟ್ಟೆ ಮುಂದೆ ಹೋಗಲಿಲ್ಲವೆಂದು ಹಿಂದಿನಿಂದ ಎಳೆದ. ಸೂಜಿ ಟಕ್ಕೆಂದು ಮುರಿಯಿತು.

"ಇದಕ್ಕ ಏನ್ ಮಾಡ್ಬೇಕ?" ಎಂದು ಗಟ್ಟಿಯಾಗಿ ಕೇಳಿದ. ಕೇಳಿದ್ದು ಯಾರನ್ನು ಎಂಬುದು ಆಮೇಲೆ ಹೊಳೆಯಿತು. ಮುರಿದ ಸೂಜಿಯ ತುಂಡುಗಳನ್ನು ಹೆಕ್ಕಿ ಅವಳ ಸ್ಟೂಲಿನ ಮೇಲಿಟ್ಟ.

ಆಗ ಅವನಿಗೆ ಸತ್ತೆವ್ವನ ನೆನಪಾಯಿತು. ಹಿಂದಿನ ಓಣಿಯ ಹುಡುಗಿ. ಏಕಸಂಬಿಗೆ ಮದುವೆಯಾಗಿ ಹೋಗಿ, ಬಾಣಂತನಕ್ಕೆ ತವರಿಗೆ ಬಂದಾಗ ಮೆಹರುಬಿಯ ಬಳಿ ಈ ಕೆಲಸ ಕಲಿತಿದ್ದಳು. ಕೂಸನ್ನು ಪರದೆಯ ಆಚೆ ಜೋಳಿಗೆಯಲ್ಲಿ ಮಲಗಿಸಿಕೊಂಡು ದಿನವಿಡೀ ಇರುತ್ತಿದ್ದಳು. ಆಮೇಲೆ ಅವಳ ತವರಿನವರು ಕಾಗವಾಡದ ಕಡೆ ಹೋಗಿ ನೆಲೆಸಿದರು. ಅವಳು ಮತ್ತೆ ನಿಪ್ಪಾಣಿಗೆ ಬಂದಿರಲಿಲ್ಲ. ಏಕಸಂಬಿಯಲ್ಲಿ ಅವಳೂ ಒಂದು ಹಳೆಯ ಓವರ್‌ಲಾಕ್ ಇಟ್ಟುಕೊಂಡಿದ್ದಾಳೆಂದು ಮೆಹರುಬಿ ಯಾವಾಗಲೋ ಹೇಳಿದ್ದಳು.

ಇಸಾಕ ಒಂದು ಕೈಚೀಲದಲ್ಲಿ ನೀಲಿ ಬಟ್ಟೆಯ ತುಂಡುಗಳನ್ನು ತುಂಬಿಕೊಂಡು ಚಿಕ್ಕೋಡಿ ಬಸ್ಸು ಹತ್ತಿದ. ಅಲ್ಲಿಂದ ಏಕಸಂಬಿಗೆ ಇನ್ನೊಂದು ಬಸ್ಸು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಸತ್ತೆವ್ವ ದೂರದಿಂದಲೇ ಗುರುತು ಹಿಡಿದು ಮೊರ ಬಿಟ್ಟು ಎದ್ದಳು.

"ಅಯ್ಯ, ಇಸಾಕಚಾಚಾ! ಬರ್ರಿ ಬರ್ರಿ. ಚಾಚಿ ಎಲ್ಲಿ? ಹಿಂದ ಬರಾಕತ್ತಾರೇನ್ರಿ?"

ಅವಳು ಅವನ ಭುಜದ ಮೇಲಿಂದ ರಸ್ತೆಯ ಕಡೆ ನೋಡುತ್ತಿದ್ದಳು. ಇವಳಿಗೆ ಸುದ್ದಿ ಮುಟ್ಟಿಲ್ಲ ಎಂಬುದು ಇಸಾಕನಿಗೆ ಆಗಲೇ ತಿಳಿದದ್ದು. ಯಾರು ಮುಟ್ಟಿಸಬೇಕಿತ್ತು? ತಿಳಿಸಬೇಕಾದವರ ಸಾಲಿನಲ್ಲಿ ಇವಳೂ ಇದ್ದಾಳೆಂದು ಅವನಿಗೆ ಹೊಳೆದೇ ಇರಲಿಲ್ಲ.

"ಚಾಚಿ ಹ್ವಾದ್ಲು ಬೇಟಿ."

"ಎಲ್ಲಿಗ್ರಿ?" ಎಂದಳು ಸತ್ತೆವ್ವ. ಅವಳು ಅವನ ಮುಖ ನೋಡಿದಳು.

ಹೊಸ್ತಿಲ ಮೇಲೆ ಕುಸಿದು ಕೂತು ದನಿ ತೆಗೆದು ಅತ್ತಳು. ಒಳಗಿನಿಂದ ಅವಳ ಅತ್ತೆ ಕೆಂಚವ್ವ ಓಡಿ ಬಂದು, ಏನೆಂದು ಕೇಳಿ ತಿಳಿದು, ನೀರು ತಂದು ಸೊಸೆಯ ತಲೆ ನೇವರಿಸುತ್ತ ಕೂತಳು. ಇಸಾಕ ಚೀಲ ಹಿಡಿದುಕೊಂಡು ಅಂಗಳದಲ್ಲಿ ನಿಂತೇ ಇದ್ದ. ಮಯ್ಯತ್ತಿಗೆ ಮಣ್ಣು ಕೊಟ್ಟ ದಿನ ಎಲ್ಲರೂ ಅವನ ಹೆಗಲು ಹಿಡಿದು ಸಬರ್ ಮಾಡು, ತಡೆದುಕೋ ಎಂದಿದ್ದರು. ಅವನು ಹಾಗೆಯೇ ಮಾಡಿದ್ದ. ತನ್ನ ಹೆಂಡತಿಗಾಗಿ ಬೇರೊಬ್ಬರು ಇಷ್ಟು ಅಳುವುದನ್ನು ನೋಡಿ ಅವನಿಗೆ ಸಮಾಧಾನವೂ ಆಯಿತು, ಎಂಥದೋ ಅಸೂಯೆಯೂ ಆಯಿತು.

ಚಹಾ ಕುಡಿದ ಮೇಲೆ ಬಂದ ಕಾರಣ ಹೇಳಿದ. ಸತ್ತೆವ್ವ ಕಣ್ಣೊರೆಸಿಕೊಂಡು ಪಡಸಾಲೆಯಲ್ಲಿದ್ದ ತನ್ನ ಮಷೀನಿನ ಮುಂದೆ ಅವನನ್ನು ಕೂರಿಸಿದಳು.

"ನೀವು ಮೊದಲ ಸೂಜಿಗಿ ಪೋಣಸೀರಿ, ಹೌದಲ್ರಿ?"

"ಹೌದು."

"ಅಲ್ಲೇ ಕೆಟ್ಟೈತಿ. ಮೊದಲ ಮ್ಯಾಲಿನ ಲೂಪರ್, ಆಮ್ಯಾಲ ಕೆಳಗಿನ ಲೂಪರ್, ಕಡೀಕ ಸೂಜಿ." ಅವಳು ಕೊಕ್ಕಿನಂಥ ಆ ಕಡ್ಡಿಗಳನ್ನು ಮುಟ್ಟಿ ತೋರಿಸಿದಳು. "ಚಾಚಿ ಏನಂತಿದ್ರು ಗೊತ್ತೇನ್ರಿ? ಇವರಿಬ್ಬರೂ ಸೊಸೆಯಂದ್ರು, ಸೂಜಿ ಅತ್ತಿ. ಅತ್ತಿ ಮೊದಲ ಹೋಗಿ ಕುಂತ್ಲಂದ್ರ ಸೊಸೆಯಂದ್ರು ಹರಕೊಂಡು ಓಡಿ ಹೋಗ್ತಾರ ಅಂತಿದ್ರು."

"ನನಗ ಕೇಳಸ್ತೈತಿ," ಎಂದಳು ಕೆಂಚವ್ವ ಅಡುಗೆಮನೆಯಿಂದ.

ಸತ್ತೆವ್ವ ಅಳುವಿನ ನಡುವೆಯೇ ನಕ್ಕಳು. ಇಸಾಕ ನಗಲಿಲ್ಲ. "ಮೆಹರು ಹಿಂಗ ಅಂತಿದ್ಲಾ?" ಎಂದು ಕೇಳಿದ.

"ಇದೇನ್ರಿ, ಇನ್ನೂ ಎಷ್ಟ ಅಂತಿದ್ರು. ನಕ್ಕ ನಕ್ಕ ನನಗ ಬಾಣಂತಿ ಹೊಟ್ಟಿ ನೋಯ್ತಿತ್ತು. ಮಷೀನ್ ಚಾಲೂ ಆತಂದ್ರ ಚಾಚಿ ಮಾತೂ ಚಾಲೂ. ನನ್ನ ಕಿವಿಗೆ ಬಾಯಿ ಹಚ್ಚಿ ಹೇಳ್ತಿದ್ರು. ನಾ ಬರೂಕಿಂತ ಮೊದಲೂ ಮಾತಾಡ್ತಿದ್ರಂತ, ಒಬ್ಬಾಕೀನ. ಈ ಆವಾಜದಾಗ ಯಾರಿಗೂ ಕೇಳಸಂಗಿಲ್ಲ, ಚಲೋನ ಆತು ಅಂತಿದ್ರು."

ಅವಳು ಅದನ್ನು ಸಹಜವಾಗಿ ಹೇಳಿದಳು, ಯಾರನ್ನೂ ದೂರುವ ದನಿಯಿರಲಿಲ್ಲ. ಇಸಾಕ ಲೂಪರಿನ ಕಿಂಡಿಯ ಮೇಲೆ ಕಣ್ಣಿಟ್ಟು ಕೂತ. ಒಂದು ತೆಳು ಪರದೆಯ ಈಚೆ ಅಷ್ಟು ವರ್ಷ ಕೂತಿದ್ದೆನಲ್ಲ ಎಂದುಕೊಂಡ.

ಸತ್ತೆವ್ವ ಕಲಿಸುತ್ತ ಹೋದಳು. ದಾರದ ಬಣ್ಣ ಬದಲಿಸಲು ಎಲ್ಲವನ್ನೂ ಕೀಳಬಾರದು. ಹಳೆಯ ದಾರವನ್ನು ಕೋನಿನ ಹತ್ತಿರ ಕತ್ತರಿಸಿ, ಹೊಸ ದಾರವನ್ನು ಅದಕ್ಕೆ ಗಂಟು ಹಾಕಿ, ತಿರುಪುಗಳನ್ನು ಸಡಿಲಿಸಿ ನಿಧಾನವಾಗಿ ಓಡಿಸಿದರೆ ಅದೇ ದಾರಿಯಲ್ಲಿ ಹೊಸದು ಬರುತ್ತದೆ. ಸೂಜಿಯ ದಾರದ ಗಂಟು ಮಾತ್ರ ಕಣ್ಣಿನಲ್ಲಿ ಹಾಯುವುದಿಲ್ಲ, ಅದನ್ನು ಕತ್ತರಿಸಿ ಕೈಯಿಂದ ಪೋಣಿಸಬೇಕು.

"ಬಿಗಿ ಸಡ್ಲ ತಿಳೀಬೇಕಂದ್ರ ಮೂರಕ್ಕೂ ಬ್ಯಾರೆ ಬ್ಯಾರೆ ಬಣ್ಣ ಹಾಕ್ರಿ. ನೋಡ್ರಿ, ಕೆಂಪು ಮ್ಯಾಲಿನ ಲೂಪರ್, ಹಸರು ಕೆಳಗಿಂದು. ಕೆಂಪು ಅರಿವಿ ಕೆಳಗ ಹೊಳ್ಳೇತಿ ಅಂದ್ರ ಸಡ್ಲ ಐತಿ. ಅದರ ತಿರುಪು ಒಂದೀಟ ಬಿಗಿ ಮಾಡ್ರಿ. ಕೆಂಪು ಹಸರು ಎರಡೂ ಬರೋಬರ್ ಅಂಚಿನ ಮ್ಯಾಲ ಕೂಡಬೇಕು. ಮತ್ತ ಹೊಲಿಯೂ ಅರಿವಿದ ಚಿಂದಿ ಮ್ಯಾಲೇ ನೋಡ್ರಿ. ಬ್ಯಾರೆ ಚಿಂದಿ ಮ್ಯಾಲ ಬರೋಬರ್ ಬಂದದ್ದು ಇದರ ಮ್ಯಾಲ ಬರಂಗಿಲ್ಲ."

ಅವನು ತಾನು ತಂದ ನೀಲಿ ತುಂಡನ್ನಿಟ್ಟು ಓಡಿಸಿದ. ಅಭ್ಯಾಸಬಲದಿಂದ ಹಿಂದಿನಿಂದ ಎಳೆದ.

"ಎಳೀಬ್ಯಾಡ್ರಿ! ಮಷೀನು ತಾನ ತಗೋತೈತಿ. ನೀವು ದಾರಿ ಅಷ್ಟ ತೋರಸ್ರಿ. ಸೂಜಿ ನೋಡಬ್ಯಾಡ್ರಿ ಚಾಚಾ, ಬ್ಲೇಡ್ ನೋಡ್ರಿ. ಹೊಲಿಗಿ ಕೆಟ್ರ ಬಿಚ್ಚಾಕ ಬರ್ತೈತಿ, ಬ್ಲೇಡು ಕೊಯ್ದದ್ದು ಹೊಳ್ಳಿ ಬರಂಗಿಲ್ಲ. ಇದೂ ಚಾಚಿ ಮಾತ ಐತಿ. ಅರಿವ್ಯಾಗ ಟಾಚಣಿ ಪಿನ್ನ ಚುಚ್ಚಿದ್ರ ಮೊದಲ ತಗೀರಿ, ಬ್ಲೇಡಿಗಿ ಸಿಕ್ರ ಎರಡೂ ಹಾಳು."

ಮಧ್ಯಾಹ್ನದ ಹೊತ್ತಿಗೆ ಅವನ ಕೈಗೆ ಹದ ಸಿಕ್ಕಿತು. ಮೂವತ್ತು ವರ್ಷ ಬಟ್ಟೆ ಹಿಡಿದ ಕೈ. ತಿಳಿದ ಮೇಲೆ ತಡವಾಗಲಿಲ್ಲ. ಅಂಚು ತೀಡಿದಂತೆ ಬಂತು. ತುದಿಯಲ್ಲಿ ಉಳಿದ ದಾರದ ಸರಪಳಿಯನ್ನು ದಪ್ಪ ಸೂಜಿಯಿಂದ ಹೊಲಿಗೆಯೊಳಗೇ ತೂರಿಸಿ ಮುಚ್ಚುವುದನ್ನೂ ಕಲಿತ. ಕೆಂಚವ್ವ ರೊಟ್ಟಿ, ಝುಣಕ ಬಡಿಸಿದಳು. ಇನ್ನು ಹೊರಡಬಹುದಿತ್ತು.

ಊಟವಾದ ಮೇಲೆ ಅವನು ಮತ್ತೆ ಮಷೀನಿನ ಮುಂದೆ ಕೂತ. ಕೆಳಗಿನ ಲೂಪರಿನ ದಾರವನ್ನು ಒಂದು ಕಿಂಡಿ ಬಿಟ್ಟು ಪೋಣಿಸಿದ. ದಾರ ಹರಿಯಿತು.

"ಹಂಗಲ್ರಿ," ಎಂದು ಸತ್ತೆವ್ವ ಪಕ್ಕದಲ್ಲಿ ಬಂದು ಕೂತಳು. "ಈ ಸಣ್ಣ ಸೊಸಿ ಭಾಳ ನಖರಾದಾಕಿ ಅಂತಿದ್ರು ಚಾಚಿ. ಒಂದ ಮನಿ ಬಿಟ್ಟು ಕರದ್ರ ಸಿಟ್ಟಿಗೇಳ್ತಾಳ..."

ಅವನು ಕೇಳಿಸಿಕೊಂಡ. ಸ್ವಲ್ಪ ಹೊತ್ತಿನ ನಂತರ ಸೂಜಿಯನ್ನು ತಪ್ಪಾಗಿ ಕೂರಿಸಿದ. ಅವಳು ಅದಕ್ಕೂ ಮೆಹರುಬಿಯ ಒಂದು ಮಾತು ಹೇಳಿದಳು. ಆಮೇಲೆ ತಿರುಪನ್ನು ಅತಿ ಬಿಗಿ ಮಾಡಿದ. ಈ ಸಲ ಸತ್ತೆವ್ವ ತಿದ್ದಲಿಲ್ಲ. ಅವನ ಕೈಯನ್ನೇ ನೋಡುತ್ತಿದ್ದು, ಮೆಲ್ಲಗೆ ಎಂದಳು, "ಚಾಚಾ, ನಿಮಗ ಈ ಕೆಲಸ ಬರ್ತೈತಿ."

ಇಸಾಕ ತಲೆ ತಗ್ಗಿಸಿದ. ಕಣ್ಣೀರು ನೀಲಿ ಬಟ್ಟೆಯ ಮೇಲೆ ಬಿತ್ತು. ಸತ್ತೆವ್ವ ಮೋಟಾರು ಆರಿಸಿದಳು. ಅವಳಿಗೆ ನೆನಪಿದ್ದಷ್ಟನ್ನೂ ಹೇಳಿದಳು: ಮೆಹರುಬಿಗೆ ಹುಳಿ ಮಾವಿನಕಾಯಿ ಇಷ್ಟವಿದ್ದದ್ದು, ಓಣಿಯ ಜನ ನಡೆಯುವುದನ್ನು ಅಣಕಿಸಿ ತೋರಿಸುತ್ತಿದ್ದದ್ದು, ಕೂಸಿಗೆ ಚಿಂದಿಯಿಂದ ಗೊಂಬೆ ಮಾಡಿ ಅದಕ್ಕೂ ಓವರ್‌ಲಾಕ್ ಹೊಡೆದದ್ದು.

"ನನ್ನ ಬಗ್ಗಿ ಏನಾರ ಅಂತಿದ್ಲಾ?" ಎಂದು ಅವನು ಕೇಳಿದ.

ಸತ್ತೆವ್ವ ಯೋಚಿಸಿದಳು. "ನಿಮ್ಮ ಕೈಯಾಗಿನ ಕೆಲಸದ ಬಗ್ಗಿ ಭಾಳ ಹೇಳ್ತಿದ್ರು. ಊರಾಗ ಜಂಪರಿಗಿ ಅಂಥಾ ತೋಳು ಕೂಡಸಾವ ಇಲ್ಲ ಅಂತಿದ್ರು. ನಿಮ್ಮ ಮುಂದ ಹೇಳಿಲ್ಲೇನ್ರಿ?"

"ಇಲ್ಲ," ಎಂದ ಇಸಾಕ. "ನಾನೂ ಆಕೀಗಿ ಹೇಳಿಲ್ಲ."

ಸಂಜೆಯ ಬಸ್ಸಿಗೆ ಅವನು ನಿಪ್ಪಾಣಿಗೆ ಮರಳಿದ. ಆ ಮೇ ತಿಂಗಳು ಪೂರ್ತಿ ಎರಡು ಮಷೀನುಗಳ ನಡುವೆ ಓಡಾಡಿದ. ಮೊದಲು ಎಲ್ಲ ಲಂಗಗಳ ಅಂಚು ಹೊಡೆದು, ಆಮೇಲೆ ಮುಂದೆ ಬಂದು ಹೊಲಿಯುತ್ತಿದ್ದ. ಪ್ರತಿದಿನ ಬೆಳಿಗ್ಗೆ ಲೂಪರುಗಳ ಸುತ್ತ ಕೂತ ಬಟ್ಟೆಯ ಹೊಟ್ಟನ್ನು ಬ್ರಶ್ಶಿನಿಂದ ಗುಡಿಸಿ ಎಣ್ಣೆ ಬಿಡುತ್ತಿದ್ದ. ಶಾಲೆ ತೆರೆಯುವ ಮೊದಲು ಕೆಲಸ ಮುಗಿಯಿತು. ಮುಖ್ಯೋಪಾಧ್ಯಾಯಿನಿ ಲಂಗವೊಂದನ್ನು ಹೊರಳಿಸಿ ನೋಡಿ ಸೈ ಎಂದು ತೆಗೆದಿಟ್ಟರು. ಅಂಗಡಿಗೆ ಬಂದು ಇದನ್ನು ಹೇಳಲು ಅವನಿಗೆ ಯಾರೂ ಇರಲಿಲ್ಲ.

ಮಳೆಗಾಲ ಹಿಡಿಯಿತು. ಒಂದು ದಿನ ಅವನು ಬೇಕರಿಯಿಂದ ಖಾರಿ ಬಿಸ್ಕತ್ತು ಕಟ್ಟಿಸಿಕೊಂಡು ಮತ್ತೆ ಏಕಸಂಬಿಗೆ ಹೊರಟ. ಮಷೀನು ಕೆಟ್ಟಿರಲಿಲ್ಲ. ಬಸ್ಸಿನಲ್ಲಿ ಕೂತು, ಏನೋ ಒಂದು ಕೆಟ್ಟಿದೆ ಎಂದು ಹೇಳಬೇಕೆಂದುಕೊಂಡ. ಆಮೇಲೆ ಅದರ ಅಗತ್ಯವಿಲ್ಲ, ಸುಮ್ಮನೆ ಬಂದೆ ಎಂದರೂ ಆಯಿತು ಎನಿಸಿತು.

ಬಾಗಿಲಲ್ಲಿ ಕೆಂಚವ್ವ ಒಬ್ಬಳೇ ಕೂತಿದ್ದಳು. ಪಡಸಾಲೆಯಲ್ಲಿ ಮಷೀನು ಇರಲಿಲ್ಲ.

"ಸತ್ತೆವ್ವ ಇಚಲಕರಂಜಿಗಿ ಹ್ವಾದ್ಲೋ ಯಪ್ಪಾ. ಮಲಕಾರಿ ಅಲ್ಲೇ ಪವರ್‌ಲೂಮಿನಾಗ ಅದಾನಲ್ಲ, ನನ್ನ ಮಗ. ಖೋಲಿ ಹಿಡದು ಹೆಂಡ್ತಿ ಮಕ್ಕಳನ್ನ ಕರಕೊಂಡು ಹ್ವಾದ. ಮಷೀನೂ ಹೊತಗೊಂಡು ಹ್ವಾದ್ರು. ಬಾ, ಕುಂದರು. ಚಾ ಮಾಡ್ತೀನಿ."

ಅವನು ಕೂತ. ಖಾರಿಯ ಪೊಟ್ಟಣ ಬಿಚ್ಚಿ ಇಬ್ಬರೂ ಚಹಾದಲ್ಲಿ ಅದ್ದಿಕೊಂಡು ತಿಂದರು. ಮಳೆ ಸುರಿಯುತ್ತಿತ್ತು. ಕೆಂಚವ್ವ ಮಾತು ನಿಲ್ಲಿಸಲಿಲ್ಲ. ಮನೆ ಬಣಬಣ ಅನ್ನುತ್ತದೆ, ಮೊಮ್ಮಕ್ಕಳ ಗದ್ದಲವಿಲ್ಲದೆ ನಿದ್ದೆ ಹತ್ತುವುದಿಲ್ಲ ಎಂದಳು. ಅವನು ಹೂಂಗುಟ್ಟುತ್ತ ಕೇಳಿದ. ಹೊರಡುವಾಗ ಅವಳು, "ಹಿಂಗ ಬಾರಪ್ಪ, ಯಾವಾಗರ," ಎಂದಳು. ಬರುತ್ತೇನೆ ಎಂದ.

ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ಬಸ್ಸಿನಲ್ಲಿ ಪಕ್ಕಕ್ಕೆ ಒಬ್ಬ ರೈತ ಬಂದು ಕೂತ. ಒದ್ದೆ ಕಂಬಳಿ ಮಡಚಿ ಕಾಲ ಬಳಿ ಇಟ್ಟು, ತನ್ನ ಹೆಸರು ಗಂಗಾರಾಮ ಎಂದು ಹೇಳಿಕೊಂಡು, "ಎಲ್ಲಿಗಿ ಹೋಗಿದ್ರಿ ಯಜಮಾನ್ರ?" ಎಂದು ಕೇಳಿದ.

"ಏಕಸಂಬಿಗಿ. ನನ್ನ ಹೆಂಡ್ತಿ ಗೆಳತಿ ಮನಿಗಿ."

"ಅವರನ್ನ ಕರಕೊಂಡು ಹೋಗಿಲ್ಲೇನ್ರಿ?"

ಇಸಾಕ ಕಿಟಕಿಯ ಕಡೆ ನೋಡಿದ. "ಆಕಿ ತೀರಿಕೊಂಡಾಳ್ರಿ," ಎಂದ. ಗಂಗಾರಾಮ ನಾಲಿಗೆ ಲೊಚಗುಟ್ಟಿದ. ಅಲ್ಲಿಗೆ ಮಾತು ನಿಲ್ಲಬೇಕಿತ್ತು. ಇಸಾಕನೇ ಮುಂದುವರಿಸಿದ. "ಭಾಳ ನಗಸ್ತಿದ್ಲು," ಎಂದ. ಆ ವಾಕ್ಯ ಬಾಯಿಂದ ಬಂದಾಗ ಅವನಿಗೇ ಹೊಸದೆನಿಸಿತು. ಪರದೆಯ ಆಚೆ ಅವಳು ಹೇಗೆ ಕೂರುತ್ತಿದ್ದಳು, ಗುಜರಿಗೆ ಹೋಗಬೇಕಿದ್ದ ಮಷೀನನ್ನು ಹೇಗೆ ಪಳಗಿಸಿದಳು, ಎಂಥ ಜಾರುವ ಬಟ್ಟೆಯನ್ನೂ ಎಳೆಯದೆ, ಜಗ್ಗದೆ ಹೇಗೆ ದಾಟಿಸುತ್ತಿದ್ದಳು ಎಂದೆಲ್ಲ ಹೇಳುತ್ತ ಹೋದ. ಗಂಗಾರಾಮನಿಗೆ ಹೊಲಿಗೆಯ ವಿಷಯ ಎಷ್ಟು ತಿಳಿಯಿತೋ. ಆದರೂ "ಹೌದಾ, ಹೌದಾ" ಎನ್ನುತ್ತ ಕೇಳಿದ. ತನ್ನ ಊರು ಬಂದಾಗ ಎದ್ದು, ಇಸಾಕನ ಹೆಗಲ ಮೇಲೆ ಒಂದು ಕ್ಷಣ ಕೈಯಿಟ್ಟು, ಕಂಬಳಿ ತಲೆಯ ಮೇಲೆ ಹಾಕಿಕೊಂಡು ಮಳೆಯಲ್ಲಿ ಇಳಿದುಹೋದ.

ಬಸ್ಸು ಮತ್ತೆ ಹೊರಟಿತು. ಪಕ್ಕದ ಜಾಗ ಖಾಲಿಯಾಗಿಯೇ ಉಳಿಯಿತು. ಹೊಲಗಳಲ್ಲಿ ನೀರು ನಿಂತಿತ್ತು, ಹೆಂಗಸರು ಗೋಣಿಚೀಲದ ಕೊಪ್ಪೆ ಹೊದ್ದು ಬಗ್ಗಿ ತಂಬಾಕಿನ ಸಸಿ ಊರುತ್ತಿದ್ದರು. ನಿಪ್ಪಾಣಿಯಲ್ಲಿ ಇಳಿದು ಅವನು ಓಣಿಗೆ ಬಂದಾಗ, ಅಂಗಡಿಯ ಕಟ್ಟೆಯ ಮೇಲೆ ಹೆಂಗಸೊಬ್ಬಳು ಮಗಳ ಫ್ರಾಕಿನ ಬಟ್ಟೆ ಹಿಡಿದು ಕಾಯುತ್ತಿದ್ದಳು. ಅವನು ತಡವಾಯಿತೆಂದು ಹೇಳಿ, ಬೀಗ ತೆಗೆದು, ದೀಪ ಹಾಕಿದ.